ಇಡೀ ಟ್ಯಾಂಕಿಗೆ ಗ್ಲಾಸ್ ಕೋಟ್ ಹೊಡೆಯದೆ ಡೆಕಲ್ ಕೂರಿಸಿದ್ದು: ನನ್ನ ಅನುಭವ

ಮೊನ್ನೆ ಮುಗಿಸಿದ 1/35 ಅಳತೆಯ ಪ್ಯಾಂಥರ್ (ಜರ್ಮನ್ ಟ್ಯಾಂಕ್) ಮಾದರಿಯ ಟರೆಟ್ ನಂಬರನ್ನು ಬೆಳಕಿಗೆ ಓರೆಯಾಗಿ ಹಿಡಿದು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಮೂರು ಅಂಕಿ, ಕೆಂಪು ಬಣ್ಣ, ಬಿಳಿ ಅಂಚು. ಅದು ಡೆಕಲ್, ಅಂದರೆ ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳು ಚಿತ್ರ. ಆದರೂ ಅದರ ಪಾರದರ್ಶಕ ಫಿಲ್ಮಿನ ಗೆರೆ ಎಲ್ಲೂ ಕಾಣುವುದಿಲ್ಲ, ಕೈಯಲ್ಲಿ ಬರೆದ ಹಾಗಿದೆ. ಈ ಟ್ಯಾಂಕಿಗೆ ಪೂರ್ತಿ ಗ್ಲಾಸ್ (gloss) ಕೋಟ್, ಅಂದರೆ ಡೆಕಲ್‌ಗೆ ಮುಂಚೆ ಹೊಡೆಯುವ ಹೊಳಪಿನ ಪಾರದರ್ಶಕ ಪದರ, ಹೊಡೆದೇ ಇಲ್ಲ. ಶುರುವಿನಲ್ಲಿ ಇದನ್ನು ಹೇಳಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. 'ಮ್ಯಾಟ್ ಮೇಲೆ ಡೆಕಲ್ ಹಾಕಿದ್ರೆ ಸಿಲ್ವರಿಂಗ್ ಗ್ಯಾರಂಟಿ ಗುರು, ಸುಮ್ನೆ ಒಂದು ಶೀಟ್ ಹಾಳು ಮಾಡ್ಕೋತೀಯ' ಅಂದರು. ಮ್ಯಾಟ್ ಅಂದರೆ ಹೊಳಪಿಲ್ಲದ ಬಣ್ಣ, ಸಿಲ್ವರಿಂಗ್ ಅಂದರೆ ಡೆಕಲ್ ಫಿಲ್ಮಿನ ಅಡಿ ಬೆಳ್ಳಿಯಂತೆ ಮಿನುಗುವುದು. ಒಂದಲ್ಲ, ಮೂರು ಶೀಟ್ ಹಾಳಾದವು. ಆದರೆ ಕೊನೆಗೆ ಕೂತಿತು.

ಗ್ಲಾಸ್ ಕೋಟ್ ಮೇಲೆ ನನಗೇನೂ ದ್ವೇಷವಿಲ್ಲ, ವರ್ಷಗಟ್ಟಲೆ ನಾನೂ ಹೊಡೆದಿದ್ದೇನೆ. ನನ್ನ ಕಷ್ಟ ಬೇರೆ. ಪ್ರೈಮರ್, ಬೇಸ್, ಕ್ಯಾಮೊಫ್ಲಾಜ್, ಗ್ಲಾಸ್, ಡೆಕಲ್, ಮತ್ತೆ ಗ್ಲಾಸ್, ವಾಶ್ (ಸಂದುಗಳಲ್ಲಿ ಇಳಿಯುವ ತೆಳು ಬಣ್ಣ), ಕೊನೆಗೆ ಮ್ಯಾಟ್. ಇಷ್ಟು ಪದರ ಕೂತ ಮೇಲೆ ಬೆಸುಗೆಯ ಗೆರೆಗಳು, ಬೋಲ್ಟಿನ ತಲೆಗಳು ಮಬ್ಬಾಗುತ್ತವೆ. ದಿನಗಟ್ಟಲೆ ಕೂತು ಮಾಡಿದ ಬೆಸುಗೆ ಕಣ್ಣೆದುರೇ ಮುಳುಗಿಹೋದರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಮೊದಲು ನಾನು ದುಡ್ಡು ಸುರಿದದ್ದು ದ್ರಾವಣಗಳ ಮೇಲೆ. ನಾಲ್ಕು ಬೇರೆ ಬೇರೆ ಕಂಪನಿಯ ಸಾಫ್ಟ್‌ನರ್, ಅಂದರೆ ಡೆಕಲ್ ಮೆತ್ತಗೆ ಮಾಡುವ ದ್ರಾವಣ, ತಂದೆ. ಎಲ್ಲ ಸೇರಿ ಹೆಚ್ಚುಕಮ್ಮಿ ಒಂದು ಒಳ್ಳೆಯ ಕಿಟ್‌ನಷ್ಟು ಖರ್ಚು. ಅದರಲ್ಲಿ ಒಂದು ಎಷ್ಟು ಜೋರಾಗಿತ್ತೆಂದರೆ, ತೆಳು ಡೆಕಲ್ ಅರ್ಧ ನಿಮಿಷದಲ್ಲಿ ಸುಕ್ಕುಗಟ್ಟಿತು. ಸುಕ್ಕು ತಾನಾಗೇ ಇಳಿಯುತ್ತೆ ಅಂತ ಗೊತ್ತಿದ್ದರೂ ಗಾಬರಿಯಾಗಿ ಬ್ರಷ್ ಮುಟ್ಟಿಸಿಬಿಟ್ಟೆ. ಅಂಕಿ ಎರಡು ತುಂಡಾಯಿತು. ಡೆಕಲ್ ಇಡುವ ಮುಂಚೆ ಹಚ್ಚುವ ಸೆಟ್ಟಿಂಗ್ ದ್ರಾವಣದ ಬದಲು ನೀರು ಬೆರೆಸಿದ ವಿನೆಗರ್ ಕೂಡ ನೋಡಿದೆ. ಡೆಕಲ್ ಸ್ವಲ್ಪ ಮೆತ್ತಗಾಗುತ್ತೆ, ಆದರೆ ಸಿಲ್ವರಿಂಗ್ ಮೇಲೆ ಅದರ ಆಟ ನಡೆಯಲಿಲ್ಲ.

ಒಂದು ಸಂಜೆ ಸಿಲ್ವರಿಂಗ್ ಆದ ಡೆಕಲನ್ನು ಟೇಪಿನಲ್ಲಿ ಕಿತ್ತು, ಅದರ ಕೆಳಗಿನ ಬಣ್ಣವನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಲ್ಲಿಗೆ ಎಲ್ಲ ಗೊತ್ತಾಯಿತು. ಬಣ್ಣ ಸ್ಯಾಂಡ್‌ಪೇಪರ್ ಥರ ಇತ್ತು. ಆ ಚುಕ್ಕೆಗಳ ನಡುವೆ ಗಾಳಿ ಕೂತರೆ ಯಾವ ಸಾಫ್ಟ್‌ನರ್ ಏನು ಮಾಡೀತು? ತಪ್ಪು ಡೆಕಲ್‌ದಲ್ಲ, ನಾನು ಏರ್‌ಬ್ರಷ್ ಹಿಡಿದ ರೀತಿಯದ್ದು. 25 ಪಿಎಸ್‌ಐ ಒತ್ತಡ ಇಟ್ಟು, ಒಂದು ಗೇಣು ದೂರದಿಂದ ಹೊಡೆಯುತ್ತಿದ್ದೆ. ಬಣ್ಣ ಪ್ಲಾಸ್ಟಿಕ್ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ, ಪುಡಿಪುಡಿಯಾಗಿ ಬೀಳುತ್ತಿತ್ತು.

ಈಗ ತಮಿಯಾ ಕಂಪನಿಯ ಎಕ್ಸ್‌ಎಫ್ (ಮ್ಯಾಟ್) ಬಣ್ಣಕ್ಕೆ ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಬೆರೆಸುತ್ತೇನೆ. ಒಂದು ಪಾಲು ಬಣ್ಣ, ಒಂದೂವರೆಯಿಂದ ಎರಡು ಪಾಲು ಥಿನ್ನರ್. ಜೊತೆಗೆ ಎಕ್ಸ್-22 ಕ್ಲಿಯರ್ (ಹೊಳಪಿನ ಪಾರದರ್ಶಕ ಬಣ್ಣ) ಸ್ವಲ್ಪ. ಎಷ್ಟು ಅನ್ನೋದು ಬಣ್ಣದಿಂದ ಬಣ್ಣಕ್ಕೆ ಬೇರೆ, ಆ ಲೆಕ್ಕ ನನ್ನ ಹತ್ತಿರವೇ ಇರಲಿ. ಒತ್ತಡ 15ರ ಆಸುಪಾಸು, 0.3 ಸೂಜಿ, ದೂರ ಎರಡು ಬೆರಳಿನಷ್ಟು. ಹೊಡೆದಾಗ ಮೇಲ್ಮೈ ಒಂದೆರಡು ಸೆಕೆಂಡ್ ಒದ್ದೆಯಾಗಿ ಮಿನುಗಬೇಕು, ಆಮೇಲೆ ಮಂಕಾಗಬೇಕು. ಒಣಗಿದ ಮೇಲೆ ಬೆರಳು ಸವರಿದರೆ ಮೊಟ್ಟೆಯ ಚಿಪ್ಪಿನಂಥ ನುಣುಪು ಸಿಗುತ್ತೆ. ಡಂಕೆಲ್‌ಗೆಲ್ಬ್ (ಜರ್ಮನ್ ಟ್ಯಾಂಕುಗಳ ಗಾಢ ಹಳದಿ) ಈ ರೀತಿ ತುಂಬಾ ಚೆನ್ನಾಗಿ ಕೂರುತ್ತೆ. ಕಂದು, ಹಸಿರು ಪಟ್ಟೆಗಳ ಅಂಚಿನಲ್ಲಿ ಮಾತ್ರ ಓವರ್‌ಸ್ಪ್ರೇ, ಅಂದರೆ ಅಂಚು ದಾಟಿ ಬಿದ್ದ ಬಣ್ಣದ ಹುಡಿ, ಒರಟಾಗಿ ಉಳಿಯುತ್ತೆ. ಅದನ್ನು ಹಳೆಯ ಹತ್ತಿ ಬಟ್ಟೆಯಿಂದ ಮೆಲ್ಲಗೆ ತಿಕ್ಕುತ್ತೇನೆ.

ಇನ್ನು ಡೆಕಲ್. ಫಿಲ್ಮನ್ನು ಅಂಕಿಯ ಅಂಚಿಗೆ ಹತ್ತಿರ, ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಡೆಕಲ್ ಕೂರುವ ಜಾಗಕ್ಕಷ್ಟೇ, ಅದಕ್ಕಿಂತ ಕೂದಲೆಳೆ ದೊಡ್ಡದಾಗಿ, ನೀರಿನ ಆಧಾರದ ಅಕ್ರಿಲಿಕ್ ಗ್ಲಾಸ್ ಬ್ರಷ್‌ನಲ್ಲಿ ಹಚ್ಚುತ್ತೇನೆ. ಅದು ಒಣಗುವ ಮೊದಲೇ, ಹಸಿಯಾಗಿರುವಾಗಲೇ ಡೆಕಲ್ ಜಾರಿಸಿ ಇಡುತ್ತೇನೆ. ದ್ರವ ಸಣ್ಣ ಗುಂಡಿಗಳನ್ನೆಲ್ಲ ತುಂಬಿಕೊಂಡು ತಾನೇ ಅಂಟಾಗುತ್ತೆ, ಗಾಳಿಗೆ ಜಾಗವೇ ಇರೋದಿಲ್ಲ. ಸರಿಪಡಿಸಲು ಸಿಗುವ ಸಮಯ ಅರ್ಧ ನಿಮಿಷ ಇರಬಹುದು, ಜಾಸ್ತಿ ಇಲ್ಲ. ಆಮೇಲೆ ಒದ್ದೆ ಬ್ರಷ್‌ನಿಂದ ನಡುವಿನಿಂದ ಹೊರಕ್ಕೆ ಒತ್ತಿ, ಹೊರಬಂದದ್ದನ್ನು ತಕ್ಷಣ ಒರೆಸಬೇಕು. ಇದರ ಜೊತೆ ಸೆಟ್ಟಿಂಗ್ ದ್ರಾವಣ ಬೆರೆಸಬೇಡಿ. ನಾನು ಒಮ್ಮೆ ಬೆರೆಸಿದೆ, ಕೆಳಗೆ ಹಾಲಿನಂತೆ ಬೆಳ್ಳಗಾಯಿತು. ಒಂದು ಇಡೀ ಶೀಟ್ ಹೋಯಿತು, ಅದು ಕಿಟ್‌ನ ಕಾಲು ಭಾಗದ ಬೆಲೆಯದು.

ನಿಜವಾದ ಪರೀಕ್ಷೆ ಜಿಮ್ಮರಿಟ್ ಮೇಲೆ. ಅಯಸ್ಕಾಂತದ ಮೈನ್ ಅಂಟದಿರಲಿ ಅಂತ ಜರ್ಮನ್ನರು ಬಳಿಯುತ್ತಿದ್ದ ಆ ಪೇಸ್ಟಿನ ಏಣುಗಳು ಡೆಕಲ್‌ಗೆ ದೊಡ್ಡ ಶತ್ರು. ಕಾರ್ಖಾನೆಗಳಲ್ಲಿ ಅದನ್ನು ಬಳಿಯುವುದು 1944ರ ಸೆಪ್ಟೆಂಬರ್‌ನಲ್ಲಿ ನಿಂತಿತು, ಅದಕ್ಕೇ ಹೆಚ್ಚಿನವರು ಅದರ ನಂತರದ ನುಣುಪು ಪ್ಯಾಂಥರ್ ಆರಿಸಿಕೊಳ್ಳುತ್ತಾರೆ. ನಾನು ಬೇಕೆಂದೇ ಜಿಮ್ಮರಿಟ್ ಇರುವುದನ್ನೇ ಆರಿಸಿದೆ. ಹಸಿ ಗ್ಲಾಸ್ ಮೇಲೆ ಇಟ್ಟು, ರಾತ್ರಿ ಪೂರ್ತಿ ಒಣಗಲು ಬಿಟ್ಟು, ಮರುದಿನ ಪ್ರತಿ ಏಣಿನ ತಗ್ಗಿನಲ್ಲಿ ಹೊಸ ಬ್ಲೇಡಿನ ತುದಿಯಿಂದ ಮುಟ್ಟಿಯೂ ಮುಟ್ಟದ ಹಾಗೆ ಗೀಟು ಎಳೆದೆ. ಮೇಲೆ ಮೈಕ್ರೋ ಸಾಲ್ ಎಂಬ ಸಾಫ್ಟ್‌ನರ್ ಒಂದೊಂದೇ ಹನಿ, ಮೂರು ಸಲ, ನಡುವೆ ತಲಾ ಒಂದು ಗಂಟೆ ಬಿಟ್ಟು. ಗೀಟು ತೆರೆದುಕೊಂಡ ಜಾಗದಲ್ಲಿ ಕಂಡ ಸಣ್ಣ ಬಿಳಿ ಬಿರುಕುಗಳನ್ನು ಬಣ್ಣದಿಂದ ಮುಚ್ಚಿದೆ. ಮಾರನೆಯ ದಿನ ಅಂಕಿ ಏಣುಗಳ ಮೇಲೆ ಏರಿಳಿಯುತ್ತಾ ಕೂತಿತ್ತು, ಆಗ ಆದ ಖುಷಿ ಹೇಳತೀರದು.

ನಡುವೆ ಇನ್ನೊಂದು ದಾರಿಗೂ ಹೋದೆ. ಸೋವಿಯತ್ ಟ್ಯಾಂಕ್ ಟಿ-34ಕ್ಕೆ ಚಳಿಗಾಲದ ಬಿಳಿ ಬಣ್ಣ ಹಾಕಿ, ಹೇರ್‌ಸ್ಪ್ರೇ ವಿಧಾನದಲ್ಲಿ (ಅಡಿಗೆ ಹೇರ್‌ಸ್ಪ್ರೇ ಹೊಡೆದು, ಮೇಲಿನ ಬಣ್ಣವನ್ನು ನೀರು ಹಚ್ಚಿ ತಿಕ್ಕಿ ಎಬ್ಬಿಸುವುದು) ಕಿತ್ತು ನೋಡೋಣ ಅಂತ. ಲೆವೆಲಿಂಗ್ ಥಿನ್ನರ್ ಬೆರೆಸಿದ ಬಿಳಿ ಬಣ್ಣ ಎಷ್ಟು ತಿಕ್ಕಿದರೂ ಏಳಲಿಲ್ಲ. ಆ ಥಿನ್ನರ್ ಬಣ್ಣವನ್ನು ಅಷ್ಟು ಗಟ್ಟಿಯಾಗಿ ಹಿಡಿಸಿಬಿಡುತ್ತೆ. ಆಮೇಲೆ ಕ್ರಮ ಬದಲಿಸಿದೆ. ಕೆಳಗಿನ ಹಸಿರು ನುಣುಪಾಗಿ, ಅದರ ಮೇಲೆ ನಂಬರ್, ತೆಳು ಮ್ಯಾಟ್, ಹೇರ್‌ಸ್ಪ್ರೇ, ಕೊನೆಗೆ ನೀರಿನಲ್ಲಿ ತೆಳುಮಾಡಿದ ಬಿಳಿ. ಈಗ ಬಿಳಿ ಕಿತ್ತಾಗ ಹಳೆಯ ನಂಬರ್ ಅಡಿಯಿಂದ ಇಣುಕುತ್ತೆ. ಅದನ್ನು ನೋಡಿದವರು ಹೇಗೆ ಮಾಡಿದೆ ಅಂತ ಇವತ್ತಿಗೂ ಕೇಳುತ್ತಾರೆ.

ಒಂದು ಎಚ್ಚರಿಕೆ. ಡೆಕಲ್ ಮೇಲೆ ತೆಳುವಾಗಿ ಒಂದು ಮ್ಯಾಟ್ ಹೊಡೆದು ಒಂದು ದಿನ ಕಾಯದೆ ಎನಾಮಲ್ ವಾಶ್ ಹಾಕಬೇಡಿ. ಆತುರದಲ್ಲಿ ಹಾಕಿದ್ದಕ್ಕೆ ಥಿನ್ನರ್ ಅಂಚಿನಡಿ ನುಗ್ಗಿ, ಚೆನ್ನಾಗಿ ಕೂತಿದ್ದ ಒಂದು ಶಿಲುಬೆ ಗುರುತಿನ ಮೂಲೆ ಎದ್ದಿತು. ಗ್ಲಾಸ್ ಹಚ್ಚಿದ ಜಾಗದ ಹೊಳಪು ಉಳಿದರೆ ಅದೇ ಮ್ಯಾಟ್ ಇಳಿಸುತ್ತೆ. ಆ ಮ್ಯಾಟ್‌ಗೆ ನಾನು ಬೆರೆಸುವ ಇನ್ನೊಂದು ಸಾಮಾನು ಇದೆ, ಅದನ್ನು ಇನ್ನೂ ನಾಲ್ಕೈದು ಟ್ಯಾಂಕ್ ಮೇಲೆ ನೋಡಿಕೊಂಡು ಹೇಳುತ್ತೇನೆ.

ಸದ್ಯ ಮೇಜಿನ ಮೇಲೆ ಅಮೆರಿಕದ ಶರ್ಮನ್ ಟ್ಯಾಂಕ್ ಇದೆ. ಎರಕದ ಟರೆಟ್ ಒರಟು ಬರಲಿ ಅಂತ ಮಿಸ್ಟರ್ ಸರ್ಫೇಸರ್ 500 ಎಂಬ ದಪ್ಪ ಪ್ರೈಮರನ್ನು ಬ್ರಷ್‌ನಲ್ಲಿ ಕುಟ್ಟಿದ್ದೇನೆ, ಅದರ ಮೇಲೆ ದೊಡ್ಡ ಬಿಳಿ ನಕ್ಷತ್ರ ಕೂರಬೇಕು. ಒಂದು ಮೂಲೆ ಹಿಡಿದಿದೆ, ನಾಲ್ಕು ಬಾಕಿ.