ಕೋಲಾರದ ಬೋರ್‌ವೆಲ್ ನೀರಿನಲ್ಲೇ ನಿಂತ ನನ್ನ ಮೊದಲ ಅಕ್ವೇರಿಯಂ

ಬೋರ್‌ವೆಲ್ ನೀರಿನಲ್ಲಿ ಬಣ್ಣದ ಮೀನು ಬದುಕುವುದಿಲ್ಲ, ಆರ್‌ಓ ನೀರಿಲ್ಲದೆ ತೊಟ್ಟಿ ಇಡಲೇಬಾರದು ಎಂಬ ಮಾತು ಕೋಲಾರದಲ್ಲಿ ಅಕ್ವೇರಿಯಂ ಇಟ್ಟವರೆಲ್ಲರ ಕಿವಿಗೂ ಬಿದ್ದಿರುತ್ತದೆ. ನಮ್ಮ ಮನೆಯ ಬೋರ್‌ವೆಲ್ ಸಾವಿರದ ಇನ್ನೂರು ಅಡಿಯ ಆಚೆಗೆ ಇಳಿದಿದೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಪೆನ್ನು ಅದ್ದಿದರೆ ಒಂಬೈನೂರರ ಆಸುಪಾಸು ತೋರಿಸುತ್ತದೆ, ಪಾತ್ರೆ ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ. ಅದೇ ನೀರಿನಲ್ಲಿ ನನ್ನ ಎರಡು ಅಡಿಯ ತೊಟ್ಟಿ ಈಗ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಚೆನ್ನಾಗಿ ನಡೆಯುತ್ತಿದೆ. ಮೋಲಿಗಳೂ ಗಪ್ಪಿಗಳೂ ಮರಿ ಹಾಕಿವೆ, ಆ ಮರಿಗಳೂ ಬೆಳೆದು ಮರಿ ಹಾಕಿವೆ. ಇದು ಆಗದ ಕೆಲಸವೆಂದು ಹೇಳಿದವರಲ್ಲಿ ಇಬ್ಬರು ಮೂವರು ಈಚೆಗೆ ನನ್ನಿಂದಲೇ ಮರಿಗಳನ್ನು ಒಯ್ದಿದ್ದಾರೆ. ಮಾಡಿದ ಬಗೆಯನ್ನು ಬರೆದಿಡಲು ಇದೇ ಸರಿಯಾದ ಹೊತ್ತು ಎಂದು ನನಗನ್ನಿಸಿತು.

ಮೊದಲ ಸಲ ಅಂಗಡಿಯವರು ತೊಟ್ಟಿ, ಟಾಪ್ ಫಿಲ್ಟರ್, ಬಣ್ಣದ ಕಲ್ಲು, ಹತ್ತು ಹನ್ನೆರಡು ನಿಯಾನ್ ಟೆಟ್ರಾ ಮತ್ತು ಒಂದು ಜೊತೆ ಗೋಲ್ಡ್ ಫಿಶ್ ಎಲ್ಲವನ್ನೂ ಒಂದೇ ದಿನ ಕೊಟ್ಟು ಕಳುಹಿಸಿದರು. ಆರೂವರೆ ಸಾವಿರದಷ್ಟು ಖರ್ಚಾಯಿತು. ವಾರ ಕಳೆಯುವಷ್ಟರಲ್ಲಿ ಟೆಟ್ರಾಗಳು ಒಂದೊಂದಾಗಿ ಸತ್ತವು, ಗೋಲ್ಡ್ ಫಿಶ್‌ಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿ, ಅವೂ ಉಳಿಯಲಿಲ್ಲ. ತಪ್ಪೆಲ್ಲ ನೀರಿನದು ಎಂದು ಅದೇ ಅಂಗಡಿಯಲ್ಲಿ ನೀಲಿ ಔಷಧಿ ಕೊಟ್ಟರು, ವಾಟರ್ ಕಂಡೀಷನರ್ ಕೊಟ್ಟರು, ಕೊನೆಗೆ ಆರ್‌ಓ ನೀರು ಹಾಕಿ ಎಂದರು. ಶುದ್ಧ ಕುಡಿಯುವ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ನೀರು ಹೊತ್ತು ತಂದು ಇಡೀ ತೊಟ್ಟಿ ತುಂಬಿಸಿ, ಹೊಸದಾಗಿ ಮೀನು ಬಿಟ್ಟರೆ, ಅವೂ ಹೆಚ್ಚುಕಡಿಮೆ ಅಷ್ಟೇ ದಿನಗಳಲ್ಲಿ, ಹಾಗೆಯೇ ಒದ್ದಾಡಿ ಸತ್ತವು. ಗಡಸು ನೀರಿನಲ್ಲೂ ಮೆದು ನೀರಿನಲ್ಲೂ ಸಾವು ಒಂದೇ ರೀತಿಯಲ್ಲಿ ಬರುವುದಾದರೆ ಅದಕ್ಕೆ ಕಾರಣ ಗಡಸುತನವಾಗಿರಲಾರದು ಎಂದು ಅಲ್ಲಿಗೆ ನನಗೆ ಖಚಿತವಾಯಿತು.

ಕಾರಣ ಅಮೋನಿಯಾ. ಮೀನಿನ ಮಲದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಬಳಿಕ ಅಷ್ಟು ವಿಷವಲ್ಲದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾವನ್ನು ಫಿಲ್ಟರಿನಲ್ಲಿ ಬೆಳೆಸುವುದೇ ಸೈಕ್ಲಿಂಗ್, ಇದು ಹಲವರಿಗೆ ಗೊತ್ತಿರುತ್ತದೆ. ಆದರೆ ನಮ್ಮ ಕಡೆಯ ನೀರಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಒಂದು ಪಾಲು ಕೂಡ ವಿಷರೂಪದಲ್ಲಿ ಇರುವುದಿಲ್ಲ, ಪಿಎಚ್ 8.2ಕ್ಕೆ ಏರಿದರೆ ಅದು ನೂರಕ್ಕೆ ಎಂಟು ಒಂಬತ್ತು ಪಾಲಾಗುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಹಾಕುವ ನನ್ನ ಸ್ನೇಹಿತರೊಬ್ಬರ ಹೊಸ ತೊಟ್ಟಿ ತಡೆದುಕೊಂಡಷ್ಟು ಅಮೋನಿಯಾವನ್ನು ನಮ್ಮದು ತಡೆದುಕೊಳ್ಳದೇ ಇದ್ದದ್ದಕ್ಕೆ ಇದೇ ಕಾರಣವೆಂದು ನಾನು ನಂಬಿದ್ದೇನೆ. ನಮ್ಮ ಜಿಲ್ಲೆಯಲ್ಲಿ ನೀರಿನ ಗುಣವನ್ನು ಬದಲಿಸುವ ಪ್ರಯತ್ನಕ್ಕಿಂತ, ಅಮೋನಿಯಾವೂ ನೈಟ್ರೈಟ್‌ ಕೂಡ ಸೊನ್ನೆಗೆ ಬರುವವರೆಗೆ ಒಂದೇ ಒಂದು ಮೀನನ್ನೂ ತೊಟ್ಟಿಗೆ ಬಿಡದಿರುವುದು ಹೆಚ್ಚು ಮುಖ್ಯ.

ಎರಡನೆಯ ಸಲ ಗಾಜಿನ ಅಂಗಡಿಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯನ್ನು ಹೇಳಿ ಮಾಡಿಸಿದೆ. ಎಪ್ಪತ್ತು ಲೀಟರ್ ಹಿಡಿಯುತ್ತದೆ. ತಳಕ್ಕೆ ಬಣ್ಣದ ಕಲ್ಲಿನ ಬದಲು ನಮ್ಮ ಕಡೆಯ ಗ್ರಾನೈಟಿನ ಸಣ್ಣ ಜಲ್ಲಿಯನ್ನು ದೂಳು ಪೂರ್ತಿ ಹೋಗುವ ತನಕ ತೊಳೆದು ಹಾಕಿದೆ. ಟಾಪ್ ಫಿಲ್ಟರನ್ನು ತೆಗೆದಿಟ್ಟು, ಗಾಳಿ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್ ಕೂರಿಸಿದೆ. ಬೋರ್‌ವೆಲ್ ನೀರನ್ನು ನೇರವಾಗಿ ತೊಟ್ಟಿಗೆ ಬಿಡದೆ ಡ್ರಮ್ಮಿನಲ್ಲಿ ತುಂಬಿಸಿ, ರಾತ್ರಿಯಿಡೀ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿಟ್ಟೆ. ಆಳದಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕರಗಿರುತ್ತದೆ, ಆಮ್ಲಜನಕ ಕಡಿಮೆ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಸಂಜೆ 7.2ರ ಹತ್ತಿರ ಇದ್ದ ಪಿಎಚ್ ಬೆಳಗಾಗುವಷ್ಟರಲ್ಲಿ 8.2ಕ್ಕೆ ಬಂದು ನಿಂತಿತ್ತು. ಈ ಏರಿಕೆ ಮೀನಿರುವ ತೊಟ್ಟಿಯೊಳಗೆ ಆಗುವುದಕ್ಕಿಂತ ಡ್ರಮ್ಮಿನಲ್ಲೇ ಆಗಿ ಮುಗಿಯುವುದು ಮೇಲು.

ಮೀನಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಬೇಕಾದ ಅಮೋನಿಯಾಕ್ಕೆ ನಾನು ಬಳಸಿದ್ದು ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ. ಕಲಾಯಿ ಹಾಕುವವರು ಬಳಸುವ ಗಟ್ಟಿಯಲ್ಲಿ ಬೇರೆ ಕಲ್ಮಶವಿರಬಹುದೆಂದು ಅದನ್ನು ಮುಟ್ಟದೆ, ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಿಂದ ಅರ್ಧ ಕೆ.ಜಿ. ಡಬ್ಬಿ ತಂದೆ. ಇನ್ನೂರೈವತ್ತು ರೂಪಾಯಿಯೋ ಮುನ್ನೂರೋ ಇರಬೇಕು, ಜೀವಮಾನಕ್ಕೆ ಸಾಕಾಗುತ್ತದೆ. ಎಪ್ಪತ್ತು ಲೀಟರಿಗೆ ಅರ್ಧ ಗ್ರಾಮಿಗಿಂತ ತುಸು ಕಡಿಮೆ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಅದು ಇಳಿದಂತೆಲ್ಲ ಮತ್ತೆ ಹಾಕಬೇಕು. ಹೀಟರನ್ನು 28 ಡಿಗ್ರಿಗೆ ಇಟ್ಟು, ಗಾಳಿ ನಿಲ್ಲದಂತೆ ನೋಡಿಕೊಂಡು ಕಾಯಬೇಕು.

ಈ ಕಾಯುವಿಕೆಯನ್ನು ಯಾರೂ ನಂಬಲಿಲ್ಲ. "ಬರೀ ನೀರಿಗೆ ದೀಪ ಹಾಕಿ ಕರೆಂಟ್ ಯಾಕಪ್ಪ ಸುಡ್ತೀಯ?" ಎಂದು ನಮ್ಮ ಸೋದರಮಾವ ಬಂದಾಗಲೆಲ್ಲ ಕೇಳುತ್ತಿದ್ದರು. ಅಮೋನಿಯಾ ಎರಡು ವಾರದೊಳಗೆ ಇಳಿಯತೊಡಗಿತು. ಟೆಸ್ಟ್ ಕೊಳವೆಯ ಹಸಿರು ಬಣ್ಣ ದಿನದಿಂದ ದಿನಕ್ಕೆ ಹಳದಿಯ ಕಡೆಗೆ ಸರಿಯುವುದು ಕಣ್ಣಿಗೆ ಕಾಣುತ್ತಿತ್ತು. ನೈಟ್ರೈಟ್ ಮಾತ್ರ ಹಟ ಹಿಡಿದು ನಿಂತಿತು. ಹನಿ ಬಿದ್ದ ಕೂಡಲೇ ಕೊಳವೆ ಕಡು ನೇರಳೆಗೆ ತಿರುಗುತ್ತಿತ್ತು, ಮೂರು ವಾರವಾದರೂ ಅದೇ ಬಣ್ಣ. ಬಹಳ ಜನ ಈ ಹಂತದಲ್ಲೇ ಬೇಸತ್ತು ಮೀನು ಬಿಟ್ಟುಬಿಡುತ್ತಾರೆ. ನಾನು ನವಸಾಗರದ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಒಮ್ಮೆ ಅರ್ಧದಷ್ಟು ನೀರು ಬದಲಿಸಿದೆ. ಅದಾದ ಕೆಲವೇ ದಿನಗಳಲ್ಲಿ ಕೊಳವೆಯಲ್ಲಿ ತಿಳಿ ನೀಲಿ ಬಂತು. ರಾತ್ರಿ 2 ಪಿಪಿಎಂ ಹಾಕಿದರೆ ಮರುದಿನ ರಾತ್ರಿಗೆ ಎರಡೂ ಸೊನ್ನೆಯಾಗುವುದನ್ನು ಮತ್ತೆ ಮತ್ತೆ ನೋಡಿ ಖಾತ್ರಿಪಡಿಸಿಕೊಂಡ ಮೇಲೆ, ಬಹುಪಾಲು ನೀರನ್ನು ಬದಲಿಸಿ ನೈಟ್ರೇಟನ್ನು ಇಳಿಸಿ, ಮೀನು ತಂದೆ. ಒಟ್ಟು ಆರು ವಾರದಷ್ಟು ಹಿಡಿಯಿತು.

ಮೀನಿನ ಆಯ್ಕೆಯಲ್ಲಿ ನೀರಿಗೆ ತಲೆಬಾಗಬೇಕು. ನಿಯಾನ್ ಟೆಟ್ರಾ ಅಮೆಜಾನಿನ ಮೆದು ನೀರಿನದು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಗಡಸು ನೀರೇ ಹಿತ. ಮಲೇರಿಯಾ ಸೊಳ್ಳೆಯ ಮರಿಗಳನ್ನು ತಿನ್ನಿಸಲು ನಮ್ಮ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಹಿಂದೆ ಬಿಟ್ಟದ್ದು ಗಪ್ಪಿಗಳನ್ನೇ. ಈ ನೆಲದ ನೀರಿನಲ್ಲಿ ಅವು ಬದುಕುತ್ತವೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಿಎಚ್ ಇಳಿಸುವ ಪ್ರಯೋಗವನ್ನೂ ಒಂದು ಬಕೆಟ್ಟಿನಲ್ಲಿ ಮಾಡಿ ನೋಡಿದ್ದೇನೆ. ಒಣಗಿದ ಕಾಡುಬಾದಾಮಿ ಎಲೆಗಳನ್ನು ಹಿಡಿಗಟ್ಟಲೆ ಹಾಕಿದರೂ ನೀರು ಚಹಾದ ಬಣ್ಣಕ್ಕೆ ತಿರುಗಿತೇ ಹೊರತು ಪಿಎಚ್ ಕದಲಲಿಲ್ಲ, ಏಕೆಂದರೆ ನಮ್ಮ ನೀರಿನಲ್ಲಿರುವ ಬೈಕಾರ್ಬೊನೇಟ್ ಆ ಹುಳಿಯನ್ನೆಲ್ಲ ನುಂಗಿಬಿಡುತ್ತದೆ. ಕೋಲಾರದ ಬೆಟ್ಟದ ಮೇಲಿನ ಅಂತರಗಂಗೆ ಬುಗ್ಗೆಯ ನೀರು ತಂದು ಹಾಕು ಎಂದವರೂ ಇದ್ದರು. ವಾರವಾರವೂ ಮೆಟ್ಟಿಲು ಹತ್ತಿಳಿದು ಹೊತ್ತು ತರುವ ನೀರನ್ನು ನಂಬಿ ತೊಟ್ಟಿ ನಡೆಸಲಾಗದು. ಆರ್‌ಓ ನೀರಿಗೆ ನನ್ನಲ್ಲಿ ಒಂದೇ ಕೆಲಸ. ಬೇಸಿಗೆಯಲ್ಲಿ ಆವಿಯಾದಷ್ಟನ್ನು ಅದರಿಂದ ತುಂಬುತ್ತೇನೆ. ಆವಿಯಾಗುವುದು ನೀರು ಮಾತ್ರ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಮತ್ತೆ ಮತ್ತೆ ಬೋರ್‌ವೆಲ್ ನೀರನ್ನೇ ಸುರಿದರೆ ಟಿಡಿಎಸ್ ಏರುತ್ತಲೇ ಹೋಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವುದು ಮಾತ್ರ ಡ್ರಮ್ಮಿನ ನೀರಿನಿಂದಲೇ.

ಗಿಡಕ್ಕೆ ಹಣ ಕೊಡಲಿಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದ ಮೇಲೆ ನಮ್ಮ ಕೆರೆಗಳು ತುಂಬಿವೆ, ಆದರೆ ಆ ನೀರು ಹರಿಯುವ ಕೆರೆಗಳನ್ನು ಬಿಟ್ಟು, ಮಳೆ ನೀರಿನ ಕುಂಟೆಯೊಂದರಿಂದ ಹೈಡ್ರಿಲ್ಲಾ ತಂದೆ. ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳಬಲ್ಲ ಗಿಡವಾದ್ದರಿಂದ ಅದು ನಮ್ಮ ನೀರಿನಲ್ಲಿ ಹುಚ್ಚೆದ್ದು ಬೆಳೆಯುತ್ತದೆ. ಪರ್ಮಾಂಗನೇಟಿನ ತಿಳಿ ಗುಲಾಬಿ ನೀರಿನಲ್ಲಿ ಅದ್ದಿ, ತೊಳೆದು, ಬಿಳಿ ಬೇಸಿನ್ನಿನಲ್ಲಿ ಎಳೆ ಎಳೆಯಾಗಿ ಬಿಡಿಸಿ ನೋಡಿದಾಗ ಏರೋಪ್ಲೇನ್ ಚಿಟ್ಟೆಯ ಮರಿಹುಳುಗಳು ನಾಲ್ಕೈದು ಸಿಕ್ಕವು. ಅಂಥ ಒಂದು ಹುಳು ತೊಟ್ಟಿ ಸೇರಿದರೂ ಮೀನಿನ ಮರಿಗಳು ಉಳಿಯುವುದಿಲ್ಲ.

ಡಿಸೆಂಬರ್, ಜನವರಿಯ ಕೋಲಾರದ ರಾತ್ರಿಗೆ ಹೀಟರ್ ಬೇಕೇ ಬೇಕು. ತಣ್ಣೀರಿನಲ್ಲಿ ಮೋಲಿ ನಿಂತಲ್ಲೇ ನಡುಗುತ್ತದೆ. ಕರೆಂಟ್ ಹೋದಾಗ ಬ್ಯಾಟರಿ ಪಂಪ್ ತಾನಾಗಿ ಹತ್ತಿಕೊಳ್ಳಬೇಕು, ಏಕೆಂದರೆ ಗಾಳಿಯಿಲ್ಲದೆ ಗಂಟೆಗಟ್ಟಲೆ ನಿಂತ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾ ಸಾಯಬಹುದು. ಸ್ಪಂಜನ್ನು ಹಿಂಡುವುದು ತೊಟ್ಟಿಯಿಂದ ತೆಗೆದ ನೀರಿನಲ್ಲಿ ಮಾತ್ರ.

ಎರಡನೆಯ ಸಲದ ಲೆಕ್ಕ ನೆನಪಿನಿಂದ ಹೇಳುವುದಾದರೆ, ತೊಟ್ಟಿ ಮತ್ತು ಸ್ಟ್ಯಾಂಡಿಗೆ ಮೂರು ಸಾವಿರ, ಪಂಪ್, ಸ್ಪಂಜ್, ಹೀಟರ್ ಮತ್ತು ದೀಪಕ್ಕೆ ಎರಡು ಸಾವಿರ, ಟೆಸ್ಟ್ ಕಿಟ್ಟಿಗೆ ಮೂರು ಸಾವಿರದ ಹತ್ತಿರ. ಕಿಟ್ ದುಬಾರಿಯೆಂದು ಅನೇಕರು ಕೈಬಿಡುತ್ತಾರೆ. ಮೊದಲ ತೊಟ್ಟಿಯಲ್ಲಿ ಸತ್ತ ಮೀನು, ಸುರಿದ ಔಷಧಿ, ಹೊತ್ತ ನೀರಿನ ಲೆಕ್ಕ ಅದನ್ನು ಯಾವಾಗಲೋ ಮೀರಿತ್ತು. ಮೀನಿಗೆ ಖರ್ಚಾದದ್ದು ಮುನ್ನೂರು ರೂಪಾಯಿ ಮಾತ್ರ. ಮರಿಗಳಿಗೆ ನಾನೇ ಮಾಡುವ ಪುಡಿಯಲ್ಲಿ ಹುರಿಗಡಲೆಯೂ ಒಣ ಸಿಗಡಿಯೂ ಇವೆ. ಮೂರನೆಯ ವಸ್ತುವನ್ನೂ ಅಳತೆಯನ್ನೂ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಆ ಪುಡಿಯಲ್ಲಿ ಬೆಳೆದ ಕಪ್ಪು ಮೋಲಿಗಳನ್ನು ಊರಿನ ಒಂದು ಅಂಗಡಿಯವರು ಜೋಡಿಗೆ ಇಪ್ಪತ್ತೈದು ರೂಪಾಯಿಯಂತೆ ತೆಗೆದುಕೊಳ್ಳಲು ಆರಂಭಿಸಿದ್ದಾರೆ, ಮತ್ತು ಇನ್ನೊಂದು ಹೊಸ ತೊಟ್ಟಿಗೆ ಬೇಕಾದ ಗಾಜಿನ ಹಣ ಆ ಮಾರಾಟದಿಂದಲೇ ಹುಟ್ಟುತ್ತಿದೆ.