ಟೈಲ್ಸ್ ಕತ್ತರಿಸುವ ನೀರಿನ ಯಂತ್ರ: ಲಗ್ಗೆರೆಯ ನನ್ನ ಶೆಡ್ಡಿನಲ್ಲಿ ಕಟ್ಟಿದ ಬಗೆ

ತುಳಸಿಕಟ್ಟೆಯ ಮುಂದೆ, ಕೆಂಪು ನೆಲದಲ್ಲಿ, ಬಿಳಿ ಟೈಲ್ಸಿನ ಎಂಟು ದಳದ ಕಮಲ ಇರಬೇಕೆಂಬುದು ನನ್ನ ಹೆಂಡತಿಯ ಬಹುದಿನದ ಆಸೆ. ಕೈಗ್ರೈಂಡರ್ ನೇರ ಗೆರೆಗೆ ಸಾಕು. ದಳದ ತುದಿ ಒಳಕ್ಕೆ ತಿರುಗುವಲ್ಲಿ ಮಾತ್ರ ಚಕ್ಕೆ ಎದ್ದುಬಿಡುತ್ತದೆ. ಬೆಂಗಳೂರಿನ ಪೀಣ್ಯದ ಟೂಲ್‌ರೂಮಿನಲ್ಲಿ 28 ವರ್ಷ ಲೇತ್ ನಡೆಸಿದವನು ನಾನು. ನೀರಿನಿಂದ ಕತ್ತರಿಸುವ ಯಂತ್ರವನ್ನು ಮನೆಯಲ್ಲೇ ಕಟ್ಟಿದೆ.

ಮೊದಲು ಒಂದು ಮಾತು. ಕಾರ್ಖಾನೆಯ ವಾಟರ್‌ಜೆಟ್ ಸುಮಾರು 4,000 ಬಾರ್ ಒತ್ತಡದಲ್ಲಿ ಕೆಲಸ ಮಾಡುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ). ಆ ಒತ್ತಡಕ್ಕೆ ನೀರೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕುಗ್ಗಿ, ಬಿಗಿದ ಸ್ಪ್ರಿಂಗಿನ ಹಾಗೆ ಶಕ್ತಿ ತುಂಬಿಕೊಳ್ಳುತ್ತದೆ. ಅದನ್ನು ಮನೆಯಲ್ಲಿ ಕಟ್ಟಲು ಹೋಗಬೇಡಿ. ಇಲ್ಲಿ ಹೇಳುತ್ತಿರುವುದು 120 ಬಾರ್‌ನ ಯಂತ್ರ. ಅದರ ಮೂತಿಯಿಂದ (ನಾಜಲ್) ನೀರು ಸೆಕೆಂಡಿಗೆ ಸುಮಾರು 155 ಮೀಟರ್ ವೇಗದಲ್ಲಿ ಹೊರಡುತ್ತದೆ. ಬರೀ ನೀರಾದರೆ ಟೈಲ್ಸ್ ತೊಳೆದಂತಾಗುತ್ತದೆ, ಅಷ್ಟೆ. ಕತ್ತರಿಸುವುದು ನೀರಿನ ಜೊತೆ ಓಡುವ ಗಾರ್ನೆಟ್ ಎಂಬ ಕೆಂಪು, ಗಡಸು ಖನಿಜದ ಪುಡಿ.

ಪಂಪು: ವಾಹನ ತೊಳೆಯುವವರು ಬಳಸುವ ಮೂರು ಪ್ಲಂಜರಿನ ಪಂಪು, 3 ಎಚ್‌ಪಿ ಮೋಟರು, ನಿಮಿಷಕ್ಕೆ 9 ಲೀಟರ್. ಮೀಟರಿಗೆ ಮಂಜೂರಾದ ಲೋಡ್ ಎಷ್ಟೆಂದು ಬೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಂಡೇ ಮೋಟರು ಕೊಳ್ಳಿ. ನೀರಿನ ಮೂತಿಯ ರಂಧ್ರ 1.1 ಮಿ.ಮೀ. ಇಟ್ಟರೆ ನಿಮಿಷಕ್ಕೆ ಸುಮಾರು 8 ಲೀಟರ್ ಹೊರಗೆ ಹೋಗುತ್ತದೆ, ಉಳಿದದ್ದು ಅನ್‌ಲೋಡರ್ ವಾಲ್ವಿನಿಂದ ಹಿಂದಕ್ಕೆ ಬರುತ್ತದೆ. ರಂಧ್ರ ದೊಡ್ಡದಾದರೆ ಒತ್ತಡ ಏರುವುದೇ ಇಲ್ಲ. ಹೋಸ್ ಎರಡು ತಂತಿ ಹೆಣಿಗೆಯದೇ ಆಗಬೇಕು. ಜೋಡಣೆಗಳೆಲ್ಲ ಹೈಡ್ರಾಲಿಕ್ ಅಂಗಡಿಯ ಉಕ್ಕಿನ ಫಿಟ್ಟಿಂಗ್‌ಗಳಾಗಲಿ. ನಲ್ಲಿ ಕೆಲಸದ ಜಿಐ ಎಲ್ಬೋ, ಟೆಫ್ಲಾನ್ ಟೇಪು ಈ ಒತ್ತಡಕ್ಕೆ ಅಲ್ಲ.

ಯಂತ್ರದ ಜೀವ ಕತ್ತರಿಸುವ ತಲೆಯಲ್ಲಿದೆ. ಮೇಲೆ 1.1 ಮಿ.ಮೀ. ಮೂತಿ, ನಡುವೆ ಗಾರ್ನೆಟ್ ಬಂದು ಸೇರುವ ಕೋಣೆ, ಕೆಳಗೆ 3.2 ಮಿ.ಮೀ. ರಂಧ್ರದ ಟಂಗ್‌ಸ್ಟನ್ ಕಾರ್ಬೈಡ್ ಕೊಳವೆ. ನೀರು ರಭಸದಿಂದ ಕೋಣೆಯನ್ನು ದಾಟುವಾಗ ಗಾಳಿಯನ್ನು ಸೆಳೆದುಕೊಳ್ಳುತ್ತದೆ, ಗಾಳಿಯ ಜೊತೆ ಪುಡಿಯೂ ಬರುತ್ತದೆ. ಮೂತಿ ಮತ್ತು ಕೊಳವೆ ಒಂದೇ ಅಕ್ಷದಲ್ಲಿ ಇರಬೇಕು; ಕೂದಲೆಳೆ ವಾರೆಯಾದರೂ ಪುಡಿ ಕೊಳವೆಯ ಗೋಡೆಯನ್ನೇ ತಿನ್ನುತ್ತದೆ. ಆದ್ದರಿಂದ ಸ್ಟೇನ್‌ಲೆಸ್ ತುಂಡನ್ನು ಲೇತಿನ ಚಕ್ಕಿನಲ್ಲಿ (ತುಂಡನ್ನು ಹಿಡಿಯುವ ದವಡೆ) ಒಮ್ಮೆ ಹಿಡಿದ ಮೇಲೆ ಎರಡೂ ಕೂರುವ ಜಾಗಗಳನ್ನು ಬೋರ್ ಮಾಡಿ ಮುಗಿಸುವವರೆಗೆ ಬಿಚ್ಚಬೇಡಿ. ತಿರುಗಿಸಿ ಹಿಡಿದರೆ ಅಕ್ಷ ತಪ್ಪಿತೆಂದೇ ಲೆಕ್ಕ. ಮನೆಯಲ್ಲಿ ಲೇತ್ ಇಲ್ಲದವರು ಪೀಣ್ಯದ ಯಾವುದಾದರೂ ಜಾಬ್‌ವರ್ಕ್ ಶೆಡ್ಡಿಗೆ ಡ್ರಾಯಿಂಗ್ ಕೊಟ್ಟು, ಈ ಒಂದು ಷರತ್ತನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಪರೀಕ್ಷೆ ಸುಲಭ. ಪುಡಿಯಿಲ್ಲದೆ ನೀರು ಬಿಡಿ. ಧಾರೆ ಗಾಜಿನ ಕಡ್ಡಿಯಂತೆ ನೆಟ್ಟಗೆ ಇಳಿದರೆ ಸರಿ. ಒಂದು ಮಗ್ಗುಲಿಗೆ ಸೀಳಿದರೆ ಮತ್ತೆ ಲೇತಿಗೆ.

ಗಾರ್ನೆಟ್ 80 ಮೆಶ್ (ಜರಡಿಯ ಅಳತೆ) ತನ್ನಿ. ಎಂ-ಸ್ಯಾಂಡ್, ನದಿ ಮರಳು ಕೂಡದು: ಅದರ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಟೈಲ್ಸಿನಲ್ಲೂ ಸಿಲಿಕಾ ಇರುವುದರಿಂದ ಧಾರೆಯನ್ನು ಹಿಡಿಯುವ ತೊಟ್ಟಿಯ ಕೆಸರನ್ನು ತಾರಸಿಯಲ್ಲಿ ಒಣಗಿಸಿ ಗುಡಿಸಬೇಡಿ. ಹಸಿಯಾಗಿದ್ದಾಗಲೇ ಚೀಲಕ್ಕೆ ತುಂಬಿ ಕಟ್ಟಿ.

ಈಗ ಲೆಕ್ಕ. 7 ಮಿ.ಮೀ. ದಪ್ಪದ ಸೆರಾಮಿಕ್ ಟೈಲ್ಸಿನಲ್ಲಿ ನನ್ನ ಯಂತ್ರ ನಿಮಿಷಕ್ಕೆ 8 ಮಿ.ಮೀ. ಮುಂದೆ ಹೋಗುತ್ತದೆ, 300 ಗ್ರಾಂ ಪುಡಿ ಕೇಳುತ್ತದೆ. ದಳವೊಂದರ ಸುತ್ತಳತೆ 30 ಸೆಂ.ಮೀ. ಎಂಟು ದಳಕ್ಕೆ 5 ಗಂಟೆ, 90 ಕೆ.ಜಿ. ಗಾರ್ನೆಟ್, 2,400 ಲೀಟರ್ ನೀರು. ಈ ಕೊನೆಯ ಅಂಕಿ ನನ್ನನ್ನು ರಾತ್ರಿಯಿಡೀ ಕಾಡಿತು. ನಮ್ಮ ನಲ್ಲಿಯ ಕಾವೇರಿ ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಪಂಪಿನ ಬಲದಲ್ಲಿ ಏರಿ ಬರುವ ನೀರು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗ ನಮ್ಮ ಬೀದಿಯಲ್ಲಿ ಟ್ಯಾಂಕರಿಗೆ ಸಾಲು ನಿಂತಿತ್ತು. ಅಂಥ ಊರಿನಲ್ಲಿ ಈ ನೀರನ್ನು ಮೋರಿಗೆ ಬಿಡುವುದು ನನ್ನಿಂದಾಗದು. ಹಾಗಾಗಿ ಕತ್ತರಿಸುವ ತಲೆಗಿಂತ ಹೆಚ್ಚು ದಿನ ನಾನು ತೊಟ್ಟಿಗೆ ಕೊಟ್ಟೆ.

200 ಲೀಟರಿನ ಮೂರು ಡ್ರಮ್ಮುಗಳು. ಮೊದಲನೆಯದು ಧಾರೆಯನ್ನು ಹಿಡಿಯುತ್ತದೆ. ಅದರಲ್ಲಿ 60 ಸೆಂ.ಮೀ. ನೀರು, ತಳದಲ್ಲಿ ದಪ್ಪ ಗ್ರಾನೈಟ್ ತುಂಡು, ಬಾಯಿಯ ಮೇಲೆ ಟೈಲ್ಸ್ ಕೂರಲು ನಿಲ್ಲಿಸಿದ ಕಬ್ಬಿಣದ ಪಟ್ಟಿಗಳು. ಅಲ್ಲಿಂದ ಮೇಲಿನ ನೀರು ಎರಡನೆಯದಕ್ಕೆ, ಅದು ತುಂಬಿ ಮೂರನೆಯದಕ್ಕೆ ಹರಿಯುತ್ತದೆ. ಪುಡಿ ಹಿಂದೆಯೇ ತಂಗುತ್ತದೆ. ಮೂರನೆಯದರ ನೀರೇ ಮತ್ತೆ ಪಂಪಿಗೆ. ಪಂಪಿನ ಬಾಯಿ ಸೇರುವ ಮುನ್ನವೇ ಮೊದಲು 20 ಮೈಕ್ರಾನ್, ಅದರ ಬಳಿಕ 5 ಮೈಕ್ರಾನ್ ಫಿಲ್ಟರ್. ಮೊದಲ ಸಲ ಪಂಚೆಯ ಬಟ್ಟೆ ನಾಲ್ಕು ಮಡಿಕೆ ಸಾಕೆಂದುಕೊಂಡೆ. ಎರಡೇ ಗಂಟೆಯಲ್ಲಿ ಪಂಪಿನ ಸೀಲುಗಳು ಸವೆದು, ಪ್ಲಂಜರುಗಳ ಮೇಲೆ ಗೀರುಬಿದ್ದವು. ನೀರು ಮಳೆಯದು. 30-40 ಸೈಟಿನ ತಾರಸಿಗೆ 10 ಮಿ.ಮೀ. ಮಳೆ ಬಿದ್ದರೆ ಮೂರೂ ಡ್ರಮ್ಮು ತುಂಬಿ ಉಳಿಯುತ್ತದೆ.

ಚಲನೆಗೆ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಎರಡು ಸ್ಟೆಪ್ಪರ್ ಮೋಟರು, ಲೀಡ್‌ಸ್ಕ್ರೂ, ಅವನ್ನು ನಡೆಸುವ ಆರ್ಡುಯಿನೊ ಬೋರ್ಡು ಸಾಕು. ಧಾರೆಯ ಹಿಂದೊತ್ತು ಎರಡು ಕೆ.ಜಿ.ಯಷ್ಟೇ, ಭಾರೀ ಚೌಕಟ್ಟು ಬೇಡ. ಕತ್ತರಿಸಿದ ಜಾಡು ಸುಮಾರು 4 ಮಿ.ಮೀ. ಅಗಲ ಬೀಳುತ್ತದೆ, ಅದರ ಅರ್ಧವನ್ನು ಗೆರೆಯ ಹೊರಗೆ ಬಿಟ್ಟು ನಕ್ಷೆ ಬರೆಯಿರಿ.

ಧಾರೆಯ ಹತ್ತಿರ ಬೆರಳು ತರಲೇಬೇಡಿ. 7 ಬಾರ್‌ನ ಧಾರೆಯೇ ಚರ್ಮ ತೂರಬಲ್ಲದು, ನಮ್ಮದು ಅದರ ಹದಿನೇಳು ಪಟ್ಟು. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಒಳಗೆ ನೀರು, ಪುಡಿ ಹರಡಿರುತ್ತದೆ. ನೋವಿಲ್ಲವೆಂದು ಮನೆಯಲ್ಲಿ ಕೂರದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ನೀರು ಒಳಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಿ. ತಡವಾದರೆ ಬೆರಳೇ ಹೋಗಬಹುದು. ಕತ್ತರಿಸುವ ತಲೆಯ ಸುತ್ತ ಪಾಲಿಕಾರ್ಬೊನೇಟ್ ಪೆಟ್ಟಿಗೆ ಮಾಡಿ, ಮುಚ್ಚಳ ತೆರೆದೊಡನೆ ಮೋಟರು ನಿಲ್ಲುವ ಸ್ವಿಚ್ಚು ಹಾಕಿ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಕಡಿದುಬಿಡುವ ಸ್ವಿಚ್ಚು) ಇಲ್ಲದೆ ತಂತಿ ಸಿಕ್ಕಿಸಬೇಡಿ. ಕನ್ನಡಕ, ಕಿವಿಮುಚ್ಚಿಗೆ ಸದಾ ಇರಲಿ.

ನಡೆಸುವಾಗ ಕತ್ತರಿಸುವ ತಲೆಯನ್ನು ಟೈಲ್ಸಿನ ಹೊರಗೆ, ಬರೀ ನೀರಿನ ಮೇಲೆ ನಿಲ್ಲಿಸಿ. ಮೊದಲು ನೀರು, ಆಮೇಲೆ ಪುಡಿ. ಪುಡಿ ಬೆರೆತು ಧಾರೆಯ ಬಣ್ಣ ಕೆಂಪಾದ ಮೇಲೆ ಅಂಚಿನಿಂದ ಒಳಕ್ಕೆ ನಡೆಸಿ. ಟೈಲ್ಸಿನ ನಡುವಿನಿಂದಲೇ ಶುರುಮಾಡಿದರೆ ಬಿರುಕು ಬಿಡಬಹುದು. ಕೊಳವೆಗೂ ಟೈಲ್ಸಿಗೂ 3 ಮಿ.ಮೀ. ಅಂತರ. ನಿಲ್ಲಿಸುವಾಗ ಮೊದಲು ಪುಡಿ ಮುಚ್ಚಿ, ಹತ್ತು ಸೆಕೆಂಡು ನೀರು ಹರಿಸಿ, ಆಮೇಲೆ ಮೋಟರು ಆರಿಸಿ. ಈ ಕ್ರಮ ತಪ್ಪಿದರೆ ಪುಡಿಯ ಪೈಪಿಗೆ ನೀರೇರಿ ಗಾರ್ನೆಟ್ ಗಟ್ಟಿಯಾಗಿ ಕೂರುತ್ತದೆ. ಪಾರದರ್ಶಕ ಪೈಪು ಹಾಕಿದ್ದರಿಂದಲೇ ನನಗದು ಕಣ್ಣಿಗೆ ಬಿತ್ತು.

ನಮ್ಮ ಕಮಲದ ಆರು ದಳ ನೆಲ ಸೇರಿವೆ. ಉಳಿದೆರಡಕ್ಕೆ ಗಾರ್ನೆಟ್ ತಂದಿಟ್ಟಿದ್ದೇನೆ; ಮೂರನೆಯ ಡ್ರಮ್ಮಿನ ನೀರು ಮೂರು ಅಂಗುಲ ಕೆಳಗಿದೆ, ಒಂದು ಮಳೆ ಬರಬೇಕು.