ಅಜ್ಜಿಯ ಮನೆಯಲ್ಲೇ ಬೆಳೆಯಲಿ: ಪ್ರಾಯೋಜಕತ್ವಕ್ಕೆ ಅರ್ಜಿ ಹಾಕುವ ಬಗೆ

ತೀರ್ಥಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅರ್ಜಿ ಬರೆದುಕೊಡುವುದು ಅದರ ಜೊತೆಗೇ ಅಂಟಿಕೊಂಡ ಕೆಲಸ. ಪಹಣಿ, ಪಿಂಚಣಿ, ಪಡಿತರ ಚೀಟಿ ಎಂದು ಬರುವವರ ನಡುವೆ ಆಗಾಗ ಒಬ್ಬ ಅಜ್ಜಿಯೋ ಸೋದರಮಾವನೋ ಮಗುವಿನ ಕೈ ಹಿಡಿದುಕೊಂಡು ಬಂದು, "ಇದನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸಲು ಒಂದು ಅರ್ಜಿ ಬರೆದುಕೊಡಿ ಮಾರಾಯರೇ" ಎನ್ನುತ್ತಾರೆ. ಮಗುವಿನ ಎದುರಿಗೇ. ನಾನು ಮಗುವನ್ನು ಪಕ್ಕದ ಅಂಗಡಿಗೆ ಕಳಿಸಿ ಕೇಳುತ್ತೇನೆ: ಸಾಕಲು ಮನಸ್ಸಿಲ್ಲವೋ, ಕೈಯಲ್ಲಿ ಕಾಸಿಲ್ಲವೋ? ಹೆಚ್ಚಿನವರಿಗೆ ಮನಸ್ಸಿರುತ್ತದೆ. ಹಾಗಿದ್ದ ಮೇಲೆ ಮಗುವನ್ನು ಊರು ಬಿಡಿಸುವುದೇಕೆ? ಅದು ಇರುವ ಮನೆಗೇ ಹಣ ಬರುವ ದಾರಿ ಇದೆ.

ಅದರ ಹೆಸರು ಪ್ರಾಯೋಜಕತ್ವ ಯೋಜನೆ. 2015ರ ಬಾಲನ್ಯಾಯ ಕಾಯ್ದೆಯ 45ನೇ ಕಲಂ ಇದಕ್ಕೆ ಆಧಾರ. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಅಡಿಯಲ್ಲಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ತಂದೆ ತಾಯಿ ಇಬ್ಬರೂ ತೀರಿಕೊಂಡು ಬಂಧುಗಳ ಮನೆಯಲ್ಲಿರುವ ಮಕ್ಕಳಿಗೆ ಮಾತ್ರವಲ್ಲ, ತಾಯಿ ವಿಧವೆಯಾಗಿದ್ದರೂ, ಗಂಡ ಬಿಟ್ಟುಹೋಗಿದ್ದರೂ, ಹೆತ್ತವರು ಮಾರಣಾಂತಿಕ ಕಾಯಿಲೆಯಿಂದ ಮಲಗಿದ್ದರೂ ಅರ್ಜಿ ಹಾಕಬಹುದು. ನಮ್ಮ ಕಡೆ ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಸುಮ್ಮನಿದ್ದಾರೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಬಾರದು. ಮಗುವಿಗೆ 18 ತುಂಬಿದ ಮೇಲೆ ನೆರವು ನಿಲ್ಲುತ್ತದೆ.

ಅರ್ಜಿ ಕೊಡಬೇಕಾದದ್ದು ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಬಸ್ ಹತ್ತುವ ಮೊದಲು ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿ. 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿದರೂ ದಾರಿ ಹೇಳುತ್ತಾರೆ.

ಇನ್ನು ಕಾಗದಪತ್ರ. ಅರ್ಜಿಗಳು ಮುಗ್ಗರಿಸುವುದು ಇಲ್ಲಿಯೇ, ಅದರಲ್ಲೂ ಮರಣ ಪ್ರಮಾಣ ಪತ್ರದ ಮುಂದೆ. ಆಸ್ಪತ್ರೆಯಲ್ಲಿ ಸತ್ತವರ ಹೆಸರು ಹೇಗೋ ನೋಂದಣಿಯಾಗಿರುತ್ತದೆ. ಅಡಿಕೆ ಮರದಿಂದ ಬಿದ್ದು, ಮನೆಯಲ್ಲೇ ನರಳಿ, ಮನೆಯಲ್ಲೇ ಪ್ರಾಣ ಬಿಟ್ಟ ಕೊನೆಗಾರನ (ಅಡಿಕೆ ಗೊನೆ ಕೊಯ್ಯುವವನ) ಸಾವನ್ನು ಯಾರೂ ಪಂಚಾಯಿತಿಗೆ ತಿಳಿಸಿರುವುದಿಲ್ಲ. ತಿಥಿ ವರ್ಷವರ್ಷವೂ ತಪ್ಪದೆ ನಡೆದಿರುತ್ತದೆ, ಸರ್ಕಾರದ ಲೆಕ್ಕದಲ್ಲಿ ಮಾತ್ರ ಆತ ಇನ್ನೂ ಬದುಕಿದ್ದಾನೆ! 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ. ವರ್ಷ ದಾಟಿದ್ದರೆ ಮೊದಲೆಲ್ಲ ನ್ಯಾಯಾಲಯದ ಆದೇಶ ತರಬೇಕಿತ್ತು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಬಳಿಕ ದಂಡಾಧಿಕಾರವಿರುವ ಕಂದಾಯ ಅಧಿಕಾರಿಯ ಆದೇಶ ಸಾಕು. ಈ ಒಂದು ಕೆಲಸ ಮುಗಿಯದೆ ಉಳಿದ ಯಾವುದಕ್ಕೂ ಓಡಾಡಬೇಡಿ.

ಎರಡನೆಯ ತೊಡಕು ಹೆಸರಿನದು. ಅಜ್ಜಿಯರು ಸೆರಗಿನೊಳಗಿಂದ ತೆಗೆಯುವ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಬಿಡಿಸಿದರೆ, ಮಗುವಿನ ತಂದೆ ಆಧಾರ್‌ನಲ್ಲಿ ಮಂಜುನಾಥ, ಪಡಿತರ ಚೀಟಿಯಲ್ಲಿ ಮಂಜಪ್ಪ, ಶಾಲೆಯ ದಾಖಲೆಯಲ್ಲಿ ಬರೀ ಮಂಜ. ಮೂವರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಎಲ್ಲ ಕಾಗದಗಳನ್ನೂ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ತಾಳೆಯಾಗದಿದ್ದರೆ ನೋಟರಿಯಿಂದ ಅಫಿಡವಿಟ್ ಮಾಡಿಸಿ ಅರ್ಜಿಯ ಜೊತೆಗೇ ಇಡಿ. ಉಳಿದವು ಸುಲಭ: ನಾಡಕಚೇರಿಯ ಆದಾಯ ಪ್ರಮಾಣ ಪತ್ರ, ಶಾಲೆಯ ವ್ಯಾಸಂಗ ಪ್ರಮಾಣ ಪತ್ರ, ಮಗುವಿನ ಮತ್ತು ಸಾಕುವವರ ಆಧಾರ್, ಪಡಿತರ ಚೀಟಿ, ಫೋಟೊ, ಮಗುವಿನ ಹೆಸರಿರುವ ಬ್ಯಾಂಕ್ ಪಾಸ್‌ಬುಕ್. ಆಷಾಢದ ಮಳೆಯಲ್ಲಿ ಕರೆಂಟೂ ಇರುವುದಿಲ್ಲ, ಸರ್ವರೂ ಇರುವುದಿಲ್ಲ. ಆದ್ದರಿಂದ ಆದಾಯ ಪತ್ರವನ್ನು ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ಅರ್ಜಿ ಹೋದ ಮೇಲೆ ಘಟಕದವರು ಮನೆ ನೋಡಲು ಬರುತ್ತಾರೆ. ಆಗ ಕೆಲವರು ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕಿ ಅಂಗಳ ಸಿಂಗರಿಸುತ್ತಾರೆ. ಬೇಡ. ಮಗು ಎಲ್ಲಿ ಮಲಗುತ್ತದೆ, ಏನು ಉಣ್ಣುತ್ತದೆ, ಶಾಲೆಗೆ ಎಷ್ಟು ದೂರ ನಡೆಯುತ್ತದೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಕರೆದೊಯ್ಯಬೇಕಾಗಬಹುದು. 'ಸಮಿತಿ' ಎಂದೊಡನೆ ಮಗುವನ್ನು ಕಿತ್ತುಕೊಳ್ಳುತ್ತಾರೆಂದು ಅಜ್ಜಿಯರು ನಡುಗುತ್ತಾರೆ. ಕಾಯ್ದೆಯ ಆಶಯವೇ ಬೇರೆ: ಕುಟುಂಬವೇ ಮೊದಲು, ಸಂಸ್ಥೆ ಕೊನೆಯ ಉಪಾಯ. ಮಂಜೂರಾದ ಹಣ ಬ್ಯಾಂಕ್ ಖಾತೆಗೇ ಬರುತ್ತದೆ. ಆದರೆ ಅದು ತಿಂಗಳ ಒಂದನೇ ತಾರೀಕಿಗೆ ಬಂದೇ ಬರುತ್ತದೆ ಎಂದು ನಂಬಿ ಅಂಗಡಿಯಲ್ಲಿ ಸಾಲ ಬರೆಸಬೇಡಿ.

ಶಾಲೆಯನ್ನು ಮಾತ್ರ ತಪ್ಪಿಸುವಂತಿಲ್ಲ. ಮಗು ಶಾಲೆ ಬಿಟ್ಟರೆ ನೆರವಿಗೂ ಕುತ್ತು. ಅಡಿಕೆ ಸುಲಿತದ ಕಾಲದಲ್ಲಿ "ನಾಲ್ಕು ದಿನ ಕೈ ಜೋಡಿಸಲಿ" ಎಂದು ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ಮನೆಯವರಿಗೆ ನಾನು ನೇರವಾಗಿಯೇ ಬಯ್ಯುತ್ತೇನೆ. ಊರು ಬದಲಿಸಿದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಅದು ಇದೆ. ಐದನೇ ತರಗತಿಯಲ್ಲಿರುವಾಗಲೇ ಗಾಜನೂರಿನ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸಬಹುದು. ಹಾಸ್ಟೆಲ್ ಸೇರಿದರೆ ಈ ಹಣ ನಿಲ್ಲಬಹುದು, ಸೇರಿಸುವ ಮೊದಲೇ ಘಟಕದಲ್ಲಿ ಕೇಳಿಕೊಳ್ಳಿ.

ಬೆಂಗಳೂರಿನಲ್ಲಿ ನೆಲೆಸಿದ ಊರಿನವರು ಕೆಲವರು "ನಾವೇ ಒಂದು ಮಗುವಿನ ಖರ್ಚು ನೋಡಿಕೊಳ್ಳುತ್ತೇವೆ" ಎಂದು ಮುಂದೆ ಬರುತ್ತಾರೆ. ಒಳ್ಳೆಯದೇ. ಒಬ್ಬರು ಒಂದು ಮಗುವಿಗೆ, ಗುಂಪಾಗಿ, ಇಡೀ ಸಮುದಾಯವಾಗಿ ನೆರವಾಗುವುದನ್ನೂ ಕಾಯ್ದೆ ಒಪ್ಪುತ್ತದೆ. ಮಕ್ಕಳ ರಕ್ಷಣಾ ಘಟಕದ ಮೂಲಕವೇ ಬನ್ನಿ. ಸಂಸ್ಥೆಗೆ ಕೊಡುವುದಾದರೆ ಬಾಲನ್ಯಾಯ ಕಾಯ್ದೆಯ 41ನೇ ಕಲಂ ಪ್ರಕಾರ ನೋಂದಣಿಯಾಗಿದೆಯೇ ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಂದ ಎದ್ದು ಬನ್ನಿ. ಹುಟ್ಟುಹಬ್ಬಕ್ಕೆ ಕೇಕು ಹಿಡಿದು ಬಂದು, ಮಗುವಿನೊಂದಿಗೆ ನಿಂತು ಫೋಟೊ ತೆಗೆಸಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಬೇಡವೇ ಬೇಡ. ರಕ್ಷಣೆ ಬೇಕಾದ ಮಗುವಿನ ಗುರುತು ಮಾಧ್ಯಮಗಳಲ್ಲಿ ಬಯಲಾಗಬಾರದೆಂದು ಅದೇ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಒಂದು ವರ್ಷ ಕೊಟ್ಟು ಕೈಬಿಡುವ ಹಾಗಿದ್ದರೆ ಆರಂಭಿಸಲೇಬೇಡಿ. ಎಸ್ಸೆಸ್ಸೆಲ್ಸಿ ಮುಗಿಯುವವರೆಗಾದರೂ ನಿಲ್ಲುತ್ತೇನೆ ಎನ್ನುವವರು ಬನ್ನಿ.

ಮಕ್ಕಳಿಲ್ಲದವರೊಬ್ಬರು ಕೇಳುತ್ತಿದ್ದಾರೆ, ಕೊಟ್ಟುಬಿಡೋಣವೇ ಎಂದು ಪಿಸುಗುಟ್ಟುವವರೂ ಇದ್ದಾರೆ. ಹಾಗೆ ಕೈಯಿಂದ ಕೈಗೆ ಮಗುವನ್ನು ಕೊಡುವುದು ಅಪರಾಧ. ದತ್ತು ಬೇಕಾದವರು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಸರದಿ ಕಾಯಲಿ. ಯಾರೂ ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ 24 ಗಂಟೆಯೊಳಗೆ 1098ಕ್ಕೋ ಪೊಲೀಸರಿಗೋ ತಿಳಿಸಬೇಕು. ನನ್ನ ಅಂಗಡಿಗೆ ಬಂದರೆ ಪ್ರಾಯೋಜಕತ್ವದ ಅರ್ಜಿಗೆ ಬರವಣಿಗೆಯ ದುಡ್ಡು ತೆಗೆದುಕೊಳ್ಳುವುದಿಲ್ಲ, ಜೆರಾಕ್ಸಿನದ್ದು ತೆಗೆದುಕೊಳ್ಳುತ್ತೇನೆ. ಪ್ರತಿ ಕಾಗದದ ಎರಡು ಪ್ರತಿ ಮಾಡಿಸಿ, ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಿ.